ಪ್ಯಾರಿಸ್ಸಿನ ಪುಟ್ಟ ಚಿತ್ರಮಂದಿರಗಳು ಮತ್ತು ಅತಿವಾಸ್ತವವಾದಿ ಸಿನಿಮಾ

ಕಥೆಯ ಜಾಡನ್ನೂ ಕಾರ್ಯಕಾರಣದ ನಂಟನ್ನೂ ಬೇಕೆಂದೇ ಕಡಿದು, ಕನಸಿನಲ್ಲಿ ಕಂಡಂತಹ ದೃಶ್ಯಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸುವ ಅತಿವಾಸ್ತವವಾದಿ ಸಿನಿಮಾ ರೂಪುಗೊಂಡದ್ದು 1920ರ ದಶಕದ ಪ್ಯಾರಿಸ್ಸಿನಲ್ಲಿ. ಬುದ್ಧಿಯ ಹಿಡಿತ ಸಡಿಲವಾದಾಗ ಮನಸ್ಸಿನಲ್ಲಿ ಏಳುವ ಚಿತ್ರಗಳೇ ಕಲೆಯ ಮೂಲದ್ರವ್ಯವೆಂದು ಸಾರಿದ ಈ ಪಂಥದ ಪ್ರಣಾಳಿಕೆಯನ್ನು ಆಂದ್ರೆ ಬ್ರೆತೊನ್ 1924ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, ಒಂದನೆಯ ಮಹಾಯುದ್ಧದ ಕಾಲದಲ್ಲಿ, ಅವರೂ ಗೆಳೆಯ ಝಾಕ್ ವಾಶೆಯೂ ನಾಂತ್ ನಗರದಲ್ಲಿ ಯಾವ ಚಿತ್ರ ನಡೆಯುತ್ತಿದೆಯೆಂದು ವಿಚಾರಿಸದೆ ಚಿತ್ರಮಂದಿರವನ್ನು ಹೊಕ್ಕು, ಬೇಸರವಾದೊಡನೆ ಎದ್ದು ಮತ್ತೊಂದಕ್ಕೆ ಹೋಗುತ್ತಿದ್ದರು.

ವಾಣಿಜ್ಯ ಚಿತ್ರಮಂದಿರಗಳಲ್ಲಿ ನೆಲೆ ಸಿಗದ ಇಂತಹ ಪ್ರಯೋಗಗಳಿಗೆ ಆಶ್ರಯವಿತ್ತವು ಎರಡು ಪುಟ್ಟ ಮಂದಿರಗಳು: ಆರ್ಮಾಂ ತಾಲಿಯೆ ಮತ್ತು ಲೊರಾನ್ಸ್ ಮಿರ್ಗಾ 1926ರಲ್ಲಿ ಆರಂಭಿಸಿದ 'ಸ್ಟುಡಿಯೊ ದೆಜ್ ಉರ್ಸುಲೀನ್', ಝಾಂ ಮೊಕ್ಲೇರ್ 1928ರಲ್ಲಿ ಮೊಂಮಾರ್ತ್ರ್ ಬಡಾವಣೆಯಲ್ಲಿ ತೆರೆದ 'ಸ್ಟುಡಿಯೊ 28'. ಆಂತೊನಾಂ ಆರ್ತೊ ಬರೆದ ಚಿತ್ರಕಥೆಯನ್ನು ಆಧರಿಸಿ ಜೆರ್ಮೇನ್ ದ್ಯುಲಾಕ್ ನಿರ್ದೇಶಿಸಿದ 'ಚಿಪ್ಪು ಮತ್ತು ಪಾದ್ರಿ' 1928ರ ಫೆಬ್ರುವರಿಯಲ್ಲಿ ಉರ್ಸುಲೀನಿನಲ್ಲಿ ತೆರೆ ಕಂಡಾಗ, ಗಲಭೆ ಎಬ್ಬಿಸಿದವರು ಅತಿವಾಸ್ತವವಾದಿಗಳೇ. ಬ್ರಿಟಿಷ್ ಸೆನ್ಸಾರ್ ಮಂಡಳಿಯಂತೂ ಚಿತ್ರಕ್ಕೆ ಅರ್ಥವೇ ಇದ್ದಂತಿಲ್ಲ, ಇದ್ದರೆ ಅದು ಆಕ್ಷೇಪಾರ್ಹವೇ ಆಗಿರಬೇಕೆಂಬ ವಿಚಿತ್ರ ತರ್ಕದಿಂದ ಅದನ್ನು ನಿರಾಕರಿಸಿತು.

ಲೂಯಿ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ ತಮ್ಮ ಕನಸುಗಳಿಂದ ಹೆಣೆದು, ಬುನ್ಯುಯೆಲ್ಲರ ತಾಯಿ ಕೊಟ್ಟ ಹಣದಿಂದ ತಯಾರಿಸಿದ 'ಆಂಡಲೂಸಿಯದ ನಾಯಿ' 1929ರ ಜೂನಿನಲ್ಲಿ ಬಿಡುಗಡೆಯಾಯಿತು. ತರ್ಕಬದ್ಧ ವಿವರಣೆಗೆ ಎಡೆಗೊಡುವ ಯಾವ ದೃಶ್ಯವನ್ನೂ ಒಪ್ಪಬಾರದೆಂಬುದು ಅವರಿಬ್ಬರ ಕರಾರು. ಕ್ಷೌರದ ಕತ್ತಿಯಿಂದ ಕಣ್ಣು ಸೀಳುವ ದೃಶ್ಯದೊಡನೆ ತೊಡಗುವ ಈ ಕಿರುಚಿತ್ರ ಸ್ಟುಡಿಯೊ 28ರಲ್ಲಿ ಎಂಟು ತಿಂಗಳು ನಡೆಯಿತು. ಪ್ರೇಕ್ಷಕರನ್ನು ಕೆಣಕಲೆಂದು ಮಾಡಿದ್ದನ್ನು ಅವರೇ ಸುಂದರವೆಂದು ಮೆಚ್ಚಿಕೊಂಡದ್ದು ಬುನ್ಯುಯೆಲ್ಲರಿಗೆ ಹಿಡಿಸಲಿಲ್ಲ.

ಅವರ ಮುಂದಿನ ಚಿತ್ರ 'ಸುವರ್ಣಯುಗ', ಸಿರಿವಂತ ಕಲಾಪೋಷಕರಾದ ನೊಆಯ್ ದಂಪತಿಗಳ ನೆರವಿನಿಂದ ಸಿದ್ಧವಾಗಿ, 1930ರ ನವೆಂಬರಿನಲ್ಲಿ ಅದೇ ಮಂದಿರಕ್ಕೆ ಬಂದಿತು. ಡಿಸೆಂಬರ್ 3ರಂದು ಬಲಪಂಥೀಯ ಸಂಘಟನೆಗಳವರು ನುಗ್ಗಿ, ಪರದೆಯ ಮೇಲೆ ಶಾಯಿ ಎರಚಿ, ಮುಂಭಾಗದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅತಿವಾಸ್ತವವಾದಿ ಕಲಾಕೃತಿಗಳನ್ನು ಹಾಳುಗೆಡವಿದರು. ಕೆಲವೇ ದಿನಗಳಲ್ಲಿ ಪೊಲೀಸ್ ಮುಖ್ಯಾಧಿಕಾರಿ ಝಾಂ ಶಿಯಾಪ್ ಚಿತ್ರವನ್ನೇ ನಿಷೇಧಿಸಿದರು.

ಈ ಇತಿಹಾಸವನ್ನು ನೋಡಿದರೆ, ದುರ್ಗಮ ಚಿತ್ರಗಳ ಸೆಳೆತಕ್ಕೆ ಅವುಗಳ ದೃಶ್ಯಗಳಷ್ಟೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ: ಅವುಗಳಿಗೆ ಜಾಗ ಕೊಟ್ಟ ಮಂದಿರಗಳು, ಹಣ ಹೂಡಿದ ಪೋಷಕರು, ಜಗಳಕ್ಕೆ ಸಿದ್ಧರಾಗಿಯೇ ಬರುತ್ತಿದ್ದ ಪ್ರೇಕ್ಷಕರು ಮತ್ತು ಕೊನೆಗೆ ನಿಷೇಧವೂ ಅದನ್ನು ಬೆಳೆಸಿದವು. 'ಸುವರ್ಣಯುಗ' ಪ್ಯಾರಿಸ್ಸಿನ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆಯಾದದ್ದು 1981ರಲ್ಲಿ.