ಆನ್‌ಲೈನ್‌ನಲ್ಲಿ ಮಾರಿದ ಮಾಲು ವಾಪಸ್ ಬಂದ್ರೆ ಏನು ಮಾಡ್ಬೇಕು? ಹೊಸದಾಗಿ ಶುರು ಮಾಡೋ ಅಂಗಡಿಯವರಿಗೆ ಮಾಹಿತಿ

ಯಾವಗಲ್ (ರೋಣ ತಾಲ್ಲೂಕು): ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಬಿಲ್ ಬುಕ್ಕಿನ ತಳದಾಗ ಅಚ್ಚು ಹಾಕಿಸೋದು ಈ ಭಾಗದ ಅಂಗಡಿಗಳಲ್ಲಿ ಹಳೇ ರೂಢಿ. ಅದೇ ಅಂಗಡಿಯವರು ಮೀಶೋ, ಫ್ಲಿಪ್‌ಕಾರ್ಟ್, ಅಮೆಜಾನ್‌ನಲ್ಲಿ ಸೆಲ್ಲರ್ ಅಕೌಂಟ್ ತೆರೆದರೆ ಮೊದಲ ತಿಂಗಳಲ್ಲೇ ಆ ಸಾಲು ಅಲ್ಲಿ ನಡೆಯಲ್ಲ ಅನ್ನೋದು ಗೊತ್ತಾಗ್ತದೆ. ಹತ್ತು ಪಾರ್ಸೆಲ್ ಹೋಗ್ತಾವೆ, ಎರಡೋ ಮೂರೋ ತಿರುಗಿ ಬರ್ತಾವೆ. ಗಿರಾಕಿ ಮುಖ ಕಂಡಿರಲ್ಲ, ಮಾತಾಡಿರಲ್ಲ, ರೊಕ್ಕ ಮಾತ್ರ ಕಡಿತ ಆಗಿರ್ತದೆ.

ಹಾಗೆ ನೋಡಿದ್ರೆ ಆ ಸಾಲು ಅಂಗಡಿಯಲ್ಲೂ ಪೂರ್ತಿ ನಡೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದೇ ಇದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡದಿದ್ದರೆ ಅದು ‘ಅನುಚಿತ ವ್ಯಾಪಾರ ಪದ್ಧತಿ’. ಆನ್‌ಲೈನ್ ವ್ಯಾಪಾರಕ್ಕೆ ಬೇರೆ ನಿಯಮಗಳೇ ಇವೆ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಕಂಪನಿಗೆ ಮಾತ್ರ ಅಲ್ಲ, ಅದರ ಮೇಲೆ ಮಾರುವ ಸಣ್ಣ ಅಂಗಡಿಯವನಿಗೂ ಅನ್ವಯ.

ಆ ನಿಯಮದಲ್ಲಿ ಮಾರಾಟಗಾರ ನೆನಪಿಡಬೇಕಾದ್ದು ಇಷ್ಟು. ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂಗೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ವಾಪಸ್ ತಗೊಳ್ಳೋದಿಲ್ಲ, ಹಣ ಕೊಡೋದಿಲ್ಲ ಅನ್ನುವಂತಿಲ್ಲ. ತಡಕ್ಕೆ ಮಾತ್ರ ಒಂದು ವಿನಾಯಿತಿ ಇದೆ: ಪ್ರಕೃತಿ ವಿಕೋಪದಂಥ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ತಡವಾದರೆ ಈ ನಿಯಮ ಹಚ್ಚೋದಿಲ್ಲ. ಮಳೆಗಾಲದಾಗ ಬೆಣ್ಣೆಹಳ್ಳ ಉಕ್ಕಿ ರಸ್ತೆ ಬಂದ್ ಆದಾಗ ಇದು ಉಪಯೋಗಕ್ಕೆ ಬರಬಹುದು. ಆದರೆ ಅವತ್ತೇ ಫೋಟೊ ತೆಗೆದು ಸೆಲ್ಲರ್ ಸಪೋರ್ಟ್‌ಗೆ ಟಿಕೆಟ್ ಹಾಕಿರಬೇಕು. ವಾರ ಬಿಟ್ಟು ‘ಮಳಿ ಬಂದಿತ್ರಿ’ ಅಂದ್ರೆ ಯಾರೂ ಕೇಳಲ್ಲ.

‘ಬಣ್ಣ ಇಷ್ಟ ಆಗಲಿಲ್ಲ’ ಅನ್ನೋದು ಈ ಕಾನೂನಿನ ಪಟ್ಟಿಯಲ್ಲಿ ಇಲ್ಲ. ಆದರೂ ಮಾಲು ವಾಪಸ್ ಬರ್ತದೆ, ಯಾಕಂದ್ರೆ ಅದು ಕಂಪನಿಯ ಸ್ವಂತ ರಿಟರ್ನ್ ಪಾಲಿಸಿ. ಅಕೌಂಟ್ ತೆರೆಯುವಾಗ ‘ಒಪ್ಪಿದ್ದೇನೆ’ ಅಂತ ಟಿಕ್ ಹಾಕಿದಾಗಲೇ ಅದಕ್ಕೆ ಒಪ್ಪಿಗೆ ಕೊಟ್ಟಂಗೆ.

ಎರಡು ನಮೂನೆ ವಾಪಸಾತಿ

ವಾಪಸ್ ಬರುವ ಎಲ್ಲಾ ಪಾರ್ಸೆಲ್ ಒಂದೇ ಅಲ್ಲ. ಮೊದಲನೇದು ಆರ್‌ಟಿಒ (ಗದಗಿನ ಸಾರಿಗೆ ಕಚೇರಿ ಅಲ್ಲ). ಗಿರಾಕಿ ಬಾಗಿಲು ತೆಗೆಯಲಿಲ್ಲ, ಫೋನ್ ಎತ್ತಲಿಲ್ಲ, ಕ್ಯಾಶ್ ಆನ್ ಡೆಲಿವರಿ ಹಾಕಿ ಬೇಡ ಅಂದ. ಕುರಿಯರ್‌ನವರು ಒಡೆಯದೇ ಇದ್ದ ಪಾರ್ಸೆಲ್ ತಿರುಗಿಸಿ ಕಳಿಸ್ತಾರೆ. ಎರಡನೇದು ಕಸ್ಟಮರ್ ರಿಟರ್ನ್. ಅಂದ್ರೆ ಗಿರಾಕಿ ತಗೊಂಡು, ಒಡೆದು, ನೋಡಿ ವಾಪಸ್ ಕಳಿಸಿದ್ದು.

ಲುಕ್ಸಾನಿನ ಲೆಕ್ಕ ಎರಡಕ್ಕೂ ಬೇರೆ. ಆರ್‌ಟಿಒ ಆದಾಗ ಮಾಲು ಸಾಮಾನ್ಯವಾಗಿ ಹೊಸದಾಗೇ ಇರ್ತದೆ. ಕೆಲವು ಕಡೆ ಸಾಗಣೆ ಶುಲ್ಕ ಹಾಕಲ್ಲ, ಕೆಲವು ಕಡೆ ಹಾಕ್ತಾರೆ. ಕಸ್ಟಮರ್ ರಿಟರ್ನ್‌ನಲ್ಲಿ ವಾಪಸ್ ಸಾಗಣೆ ಖರ್ಚು ಬಹುಪಾಲು ಮಾರಾಟಗಾರನ ತಲೆ ಮೇಲೆ ಬೀಳ್ತದೆ. ಸೇರುವ ಮೊದಲೇ ಆ ಕಂಪನಿಯ ಶುಲ್ಕದ ಪಟ್ಟಿ ಓದಬೇಕು. ಕಮಿಷನ್ ಎಷ್ಟು ಅಂತ ಎಲ್ಲರೂ ನೋಡ್ತಾರೆ, ರಿಟರ್ನ್ ಚಾರ್ಜ್ ಎಷ್ಟು ಅಂತ ನೋಡೋರು ಕಡಿಮೆ.

ಲೆಕ್ಕ ಹಾಕಿ ನೋಡಿ

ತಿಳಿಯಲಿ ಅಂತ ಒಂದು ಲೆಕ್ಕ (ದರಗಳು ಉದಾಹರಣೆಗೆ ಮಾತ್ರ). ಒಂದು ಸೀರೆ 900 ರೂಪಾಯಿಗೆ ಮಾರಾಟ. ಅಸಲು 650, ಕವರ್ ಮತ್ತು ಪ್ಯಾಕಿಂಗ್ 15, ಕಮಿಷನ್ ಮತ್ತು ಇತರೆ ಶುಲ್ಕ 110. ಉಳಿದದ್ದು 125. ಅದೇ ಸೀರೆ ಕಸ್ಟಮರ್ ರಿಟರ್ನ್ ಆದರೆ ಕಮಿಷನ್ ಮರಳಿ ಬಂತು ಅಂತಲೇ ಹಿಡಿಯೋಣ. ವಾಪಸ್ ಸಾಗಣೆ 150, ಪ್ಯಾಕಿಂಗ್ 15, ಒಟ್ಟು 165 ರೂಪಾಯಿ ಕೈಯಿಂದ ಹೋಯ್ತು.

ಹತ್ತು ಸೀರೆ ಕಳಿಸಿ ಎರಡು ವಾಪಸ್ ಬಂದ್ರೆ ಎಂಟರಿಂದ ಬಂದ ಲಾಭ 1000, ಎರಡರಿಂದ ಹೋದದ್ದು 330, ಉಳಿದದ್ದು 670. ವಾಪಸ್ ಬಂದ ಎರಡರಲ್ಲಿ ಒಂದು ಕಲೆಯಾಗಿ ಮಾರಾಕೆ ಬಾರದಂಗಿದ್ದರೆ ಅದರ ಅಸಲು 650 ಕೂಡ ಹೋಯ್ತು. ಹತ್ತು ಪಾರ್ಸೆಲ್ ಕಟ್ಟಿ, ಕಳಿಸಿ, ಹದಿನೈದು ದಿನ ಕಾಯ್ದು ಕೈಗೆ ಸಿಕ್ಕಿದ್ದು 20 ರೂಪಾಯಿ.

ಹಂಗಾಗಿ ರಿಟರ್ನ್ ಖರ್ಚನ್ನ ದರದೊಳಗೇ ಸೇರಿಸಬೇಕು. ಮೇಲಿನ ಲೆಕ್ಕದಲ್ಲಿ ವಾಪಸಾತಿಯ 330 ರೂಪಾಯಿಯನ್ನ ಮಾರಾಟವಾದ ಎಂಟು ಸೀರೆಗೆ ಹಂಚಿದರೆ ಒಂದಕ್ಕೆ ಸುಮಾರು 41 ರೂಪಾಯಿ ಹೆಚ್ಚು ಇಡಬೇಕಾಗ್ತದೆ. ಪಕ್ಕದ ಸೆಲ್ಲರ್ 860ಕ್ಕೆ ಕೊಡ್ತಾನೆ ಅಂತ ತಾನೂ ಇಳಿಸಿದವನು ಮಾರಾಟ ಜಾಸ್ತಿ ಮಾಡ್ತಾನೆ, ಅಷ್ಟೇ ಜಾಸ್ತಿ ಕಳ್ಕೊಳ್ತಾನೆ.

ಇನ್ನೊಂದು ಮಾತು. ಅಕೌಂಟಿಗೆ ಬಂದ ರೊಕ್ಕ ಎಲ್ಲಾ ತನ್ನದೇ ಅಂತ ತಿಳಿಯಬಾರದು. ಪೇಮೆಂಟ್ ಬಂದ ಮೇಲೂ ರಿಟರ್ನ್ ಆದರೆ ಮುಂದಿನ ಪೇಮೆಂಟ್‌ನಲ್ಲಿ ಮುರಿದುಕೊಳ್ತಾರೆ. ದಸರಾ, ದೀಪಾವಳಿಗೆ ಆರ್ಡರ್ ಏರ್ತಾವೆ; ಆ ಹಬ್ಬದ ಮಾಲಿನ ವಾಪಸಾತಿ ಹಬ್ಬ ಮುಗಿದ ಮೇಲೆ ಬರೋಕೆ ಶುರು. ಬಂದ ಹಣವನ್ನೆಲ್ಲಾ ಹೊಸ ಮಾಲಿಗೆ ಹಾಕಿ ಕೂತವರು ಆಗ ಉದ್ರಿ ಕೇಳಬೇಕಾಗ್ತದೆ.

ವಾಪಸ್ ಬರದಂಗೆ ಮಾಡೋದು

ವಾಪಸ್ ತಡೆಯೋ ಕೆಲಸದಲ್ಲಿ ದೊಡ್ಡ ಪಾಲು ಫೋಟೊ ಮತ್ತು ವಿವರಣೆಯಲ್ಲೇ ಇದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊದಲ್ಲಿ ಕೆಂಪು ಬೇರೆ, ಬಿಸಿಲಲ್ಲಿ ಬೇರೆ. ಬೆಳಗ್ಗೆ ಅಂಗಡಿ ಮುಂದಿನ ನೆರಳಿನಲ್ಲಿ ತೆಗೆದದ್ದು ನಿಜವಾದ ಬಣ್ಣಕ್ಕೆ ಹತ್ತಿರ ಇರ್ತದೆ. ಫಿಲ್ಟರ್ ಹಾಕಲೇಬಾರದು. ಸೀರೆ ಉದ್ದ ಎಷ್ಟು ಮೀಟರ್, ಕುಬಸದ ಕಣ ಇದೆಯೋ ಇಲ್ಲವೋ, ಒಡಲು ಹತ್ತಿಯೋ ಮಿಶ್ರ ನೂಲೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ, ಎಲ್ಲಾ ಬರೀಬೇಕು.

ಈ ಭಾಗದ ಮಾಲಿಗೆ ಇದು ಇನ್ನೂ ಮುಖ್ಯ. ಗಜೇಂದ್ರಗಡದ ಪಟ್ಟೇದಂಚು, ಇಳಕಲ್ ಸೀರೆ, ಗುಳೇದಗುಡ್ಡದ ಖಣ ನಮಗೆ ಗೊತ್ತು; ದೂರದ ಊರಿನ ಗಿರಾಕಿಗೆ ಗೊತ್ತಿರಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನ ಕೊಂಡಿ ಹಾಕಿ ಜೋಡಿಸ್ತಾರೆ. ಗೊತ್ತಿಲ್ಲದವರು ಅದನ್ನ ಬೇರೆ ಬಟ್ಟೆ ಹಚ್ಚಿದ್ದಾರೆ ಅಂದ್ಕೊಂಡು ವಾಪಸ್ ಹಾಕಬಹುದು. ವಿವರಣೆಯಲ್ಲಿ ಎರಡು ಸಾಲು ಬರೆದು, ಆ ಜಾಗದ ಒಂದು ಹತ್ತಿರದ ಫೋಟೊ ಹಾಕಿದ್ರೆ ಅದು ದೋಷ ಅಲ್ಲ, ನೇಯ್ಗೆಯ ಹೆಮ್ಮೆ ಅಂತ ತಿಳೀತದೆ. ಅದೇ ರೀತಿ ಪವರ್‌ಲೂಮ್ ಸೀರೆಯನ್ನ ಕೈಮಗ್ಗದ್ದು ಅಂತ ಬರೆದು ಮಾರೋದು ಖರೆ ಅಪಾಯ. ಗಿರಾಕಿ ವಾಪಸ್ ಕೇಳಿದರೆ ಅಲ್ಲಿ ವಾದಕ್ಕೆ ಜಾಗವೇ ಇಲ್ಲ, ಜಾಹೀರಾತಿನಂತೆ ಇಲ್ಲದ ಮಾಲು ಅದು. ಕೈಮಗ್ಗಕ್ಕೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಗುರುತು ಇದೆ; ಅದಿರುವ ಮಾಲಾದರೆ ಫೋಟೊದಲ್ಲಿ ಕಾಣಿಸಬೇಕು.

ಬೀಗರು, ಗೆಳೆಯರ ಮೊಬೈಲ್‌ನಿಂದ ಐದು ಸ್ಟಾರ್ ಹಾಕಿಸೋ ಐಡಿಯಾ ಬಹಳ ಜನರಿಗೆ ಬರ್ತದೆ. ಮಾರಾಟಗಾರ ತಾನೇ ಗ್ರಾಹಕನ ವೇಷದಲ್ಲಿ ರಿವ್ಯೂ ಬರೆಯೋದು ಇ-ಕಾಮರ್ಸ್ ನಿಯಮದಲ್ಲಿ ನಿಷಿದ್ಧ.

ಪಾರ್ಸೆಲ್ ವಾಪಸ್ ಬಂದ ದಿನ

ಡೆಲಿವರಿ ಹುಡುಗ ಒಂದೇ ಸಲ ನಾಲ್ಕೈದು ರಿಟರ್ನ್ ತಂದು ಟೇಬಲ್ ಮೇಲಿಟ್ಟು, ‘ಒಟಿಪಿ ಹೇಳ್ರಿ ಅಣ್ಣಾರ, ಲೇಟ್ ಆಗೇತಿ’ ಅಂತಾನೆ. ಅಂಗಡಿಯಲ್ಲಿ ಗಿರಾಕಿ ನಿಂತಿರ್ತಾರೆ. ಲುಕ್ಸಾನು ಆಗೋದು ಇಲ್ಲೇ. ಒಟಿಪಿ ಕೊಟ್ಟರೆ, ಸಹಿ ಹಾಕಿದರೆ, ಎಲ್ಲಾ ಸರಿಯಾಗಿ ಬಂದಿದೆ ಅಂತ ಲೆಕ್ಕ. ಮೊದಲು ಪಾರ್ಸೆಲ್ ಎಣಿಸಬೇಕು, ಪಟ್ಟಿಯ ನಂಬರ್ ಜೊತೆ ತಾಳೆ ನೋಡಬೇಕು, ಕವರ್ ಹರಿದಿದ್ದರೆ ಅಲ್ಲೇ ಫೋಟೊ ತೆಗೆದು ಅವನ ಎದುರಿಗೇ ಹೇಳಬೇಕು.

ಆಮೇಲೆ ವಿಡಿಯೊ. ಮೊಬೈಲ್ ಒಂದು ಕಡೆ ನಿಲ್ಲಿಸಿ, ಮಧ್ಯ ಎಲ್ಲೂ ಕಟ್ ಮಾಡದೇ ತೆಗೀಬೇಕು: ಮೊದಲು ಲೇಬಲ್ ಮತ್ತು ಬಾರ್‌ಕೋಡ್ ಓದೋಕೆ ಬರುವಂಗೆ, ನಂತರ ಆರೂ ಮಗ್ಗಲು, ನಂತರ ಒಡೆಯೋದು, ಕೊನೆಗೆ ಮಾಲನ್ನ ಪೂರ್ತಿ ಬಿಚ್ಚಿ. ಹೊಸ ಸೀರೆ ಕಳಿಸಿದ್ದಕ್ಕೆ ಹಳೇ ಸೀರೆ ಬಂದದ್ದು, ಬರೀ ಖಾಲಿ ಕವರ್ ಬಂದದ್ದು, ಇಂಥದ್ದಕ್ಕೆ ಈ ವಿಡಿಯೊ ಬಿಟ್ಟು ಬೇರೆ ಸಾಕ್ಷಿ ಸಿಗೋದು ಕಷ್ಟ. ಕಳಿಸುವಾಗಲೂ ಪ್ಯಾಕಿಂಗ್ ವಿಡಿಯೊ ಇದ್ದರೆ ಇನ್ನೂ ಗಟ್ಟಿ. ಲೇಬಲ್ ಮೇಲೆ ಟೇಪ್ ಅಂಟಿಸಿ ಬಾರ್‌ಕೋಡ್ ಮುಚ್ಚಿದ್ದರೆ ವಿಡಿಯೊ ಇದ್ದೂ ಇಲ್ಲದಂಗೆ.

ಕ್ಲೇಮ್ ಹಾಕೋಕೆ ಎಲ್ಲಾ ಕಂಪನಿಗಳೂ ದಿನ ಗೊತ್ತು ಮಾಡಿವೆ, ಅದು ಆಗಾಗ ಬದಲಾಗ್ತದೆ ಕೂಡ. ಅಮೆಜಾನ್‌ನಲ್ಲಿ ಇದಕ್ಕೆ ಸೇಫ್-ಟಿ ಕ್ಲೇಮ್ ಅಂತಾರೆ. ಬೇರೆ ಕಡೆ ಹೆಸರು ಬೇರೆ. ಹಂಗಾಗಿ ರಿಟರ್ನ್ ಬಂದ ದಿನವೇ ಒಡೆದು, ಅದೇ ಸಂಜೆ ಕ್ಲೇಮ್ ಹಾಕೋದು ಒಳ್ಳೇದು. ‘ಭಾನುವಾರ ನೋಡೋಣ’ ಅಂತ ಮೂಲೆಗೆ ಇಟ್ಟ ಪಾರ್ಸೆಲ್ ಮೇಲೆ ಹಣ ಬರೋದು ಕಷ್ಟ. ಮೊದಲ ಸಲ ಕ್ಲೇಮ್ ತಿರಸ್ಕಾರ ಆದರೆ ಅಲ್ಲಿಗೆ ಬಿಡಬಾರದು. ಮತ್ತೆ ಟಿಕೆಟ್ ತೆರೆದು ಆರ್ಡರ್ ನಂಬರ್, ವಿಡಿಯೊ, ತೂಕದ ವ್ಯತ್ಯಾಸ ಬರೆದು ಕೇಳಬೇಕು. ಅದಕ್ಕೂ ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಇರಲೇಬೇಕು.

ವಾಪಸ್ ಬಂದ ಮಾಲು ಉಟ್ಟದ್ದು, ತೊಳೆದದ್ದು ಆಗಿದ್ದರೆ ಇಸ್ತ್ರಿ ಹೊಡೆದು ಹೊಸದು ಅಂತ ಇನ್ನೊಬ್ಬರಿಗೆ ಕಳಿಸಬಾರದು. ಎರಡನೇ ಗಿರಾಕಿಯ ವಾಪಸಾತಿ ಆಗ ನ್ಯಾಯವಾದದ್ದೇ. ಅಂಥದ್ದನ್ನ ಅಂಗಡಿಯಲ್ಲೇ ವಿಷಯ ಹೇಳಿ ಕಡಿಮೆ ದರಕ್ಕೆ ಮಾರಬಹುದು.

ದೂರು, ತೆರಿಗೆ

ಮಾರಾಟಗಾರನೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನ ಹೆಸರಿಸಬೇಕು ಅಂತ ನಿಯಮ ಹೇಳ್ತದೆ. ಸಣ್ಣ ಅಂಗಡಿಯಲ್ಲಿ ಅದು ಮಾಲೀಕನೇ ಆಗ್ತಾನೆ. ಗ್ರಾಹಕನ ದೂರಿಗೆ 48 ಗಂಟೆಯೊಳಗೆ ‘ಬಂದಿದೆ’ ಅಂತ ಉತ್ತರ, ಒಂದು ತಿಂಗಳೊಳಗೆ ಪರಿಹಾರ. ಉತ್ತರ ಕೊಡದೇ ಬಿಟ್ಟರೆ ಗ್ರಾಹಕ 1915 ಸಹಾಯವಾಣಿಗೆ ಹೋಗಬಹುದು, ಗದಗಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 900 ರೂಪಾಯಿ ಸೀರೆಗೆ ಗದಗಿಗೆ ನಾಲ್ಕು ಸಲ ಓಡಾಡೋದಕ್ಕಿಂತ ಹಣ ವಾಪಸ್ ಕೊಡೋದೇ ಅಗ್ಗ.

2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಆನ್‌ಲೈನ್‌ನಲ್ಲಿ ಮಾರಬಹುದು, ರಾಜ್ಯದೊಳಗೆ ಮಾತ್ರ. ಕರ್ನಾಟಕದಲ್ಲಿ ಸರಕಿನ ವ್ಯಾಪಾರಕ್ಕೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಹೊಸಬರಿಗೆ ಇದು ಮೇಲೇ ಅನ್ನಬೇಕು: ಮೈಸೂರಿನಿಂದ ವಾಪಸ್ ಬರೋ ಪಾರ್ಸೆಲ್ ಗುವಾಹಟಿಯಿಂದ ಬರೋದಕ್ಕಿಂತ ಬೇಗ ಕೈ ಸೇರ್ತದೆ. ಜಿಎಸ್‌ಟಿ ಇದ್ದವರು ಪ್ರತಿ ವಾಪಸಾತಿಗೆ ಕ್ರೆಡಿಟ್ ನೋಟ್ ಮಾಡಿ ರಿಟರ್ನ್ಸ್‌ನಲ್ಲಿ ತೋರಿಸಬೇಕು, ಇಲ್ಲದಿದ್ದರೆ ಮಾರಾಟವೇ ಆಗದ ಮಾಲಿಗೆ ತೆರಿಗೆ ಕಟ್ಟಿದಂಗೆ. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಇದಕ್ಕೆ ಕೊನೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನವೇ ಕೊನೆ.

ಮಾರ್ಕೆಟ್‌ಪ್ಲೇಸ್‌ನಲ್ಲಿ ಬಂದ ಆರ್ಡರಿನ ಹಣವನ್ನ ಗಿರಾಕಿಗೆ ಮರಳಿಸೋದು ಕಂಪನಿ. ‘ನೇರವಾಗಿ ನನ್ನ ನಂಬರಿಗೆ ಹಾಕಿಬಿಡ್ರಿ’ ಅಂತ ಯಾರಾದ್ರೂ ಕೇಳಿದ್ರೆ ಹಾಕಬಾರದು, ಎರಡು ಸಲ ಕೊಟ್ಟಂಗೆ ಆಗ್ತದೆ. ‘ಕ್ಲೇಮ್ ಹಣ ಬಂದಿದೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ’ ಅನ್ನೋ ಫೋನ್ ಬಂದ್ರೆ ಅದು ಮೋಸ. ಯುಪಿಐನಲ್ಲಿ ಹಣ ಪಡೆಯೋಕೆ ಪಿನ್ ಬೇಕಾಗಿಲ್ಲ, ಕಳಿಸೋಕೆ ಮಾತ್ರ ಬೇಕು. ಹಣ ಹೋಗೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು.