ಯುದ್ಧಾಜ್ಞೆಗೆ ಕಾನೂನಿನ ಕಟ್ಟು: ಪಿಟ್ ಕಾಯ್ದೆಯಿಂದ ನಂದಿದುರ್ಗದವರೆಗೆ

ಯುದ್ಧಕ್ಕೆ ಅಪ್ಪಣೆ ಕೊಡುವ ಅಧಿಕಾರಕ್ಕೆ ಭಾರತದಲ್ಲಿ ಬಿದ್ದ ಹಳೆಯ ಶಾಸನಬದ್ಧ ಕಟ್ಟುಗಳಲ್ಲೊಂದು 1784ರ ಪಿಟ್ ಇಂಡಿಯಾ ಕಾಯ್ದೆ. ರಾಜ್ಯ ವಿಸ್ತರಿಸುವ ದಂಡಯಾತ್ರೆಗಳು ತಮ್ಮ ದೇಶದ ಮಾನಕ್ಕೆ ತಕ್ಕುದಲ್ಲವೆಂದು ಸಾರಿದ ಬ್ರಿಟಿಷ್ ಪಾರ್ಲಿಮೆಂಟು, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡುವಂತಿಲ್ಲ ಎಂದಿತು. ಕಂಪನಿಯ ಮೇಲೋ ಅದು ಕಾಯಬೇಕಾದ ಮಿತ್ರರ ಮೇಲೋ ಶತ್ರು ಏರಿಬಂದಿದ್ದರೆ, ಇಲ್ಲವೇ ಅದಕ್ಕೆ ಸಿದ್ಧತೆ ನಡೆಸಿದ್ದರೆ ಮಾತ್ರ ವಿನಾಯಿತಿ. ಏಳೇ ವರ್ಷದಲ್ಲಿ ಕಂಪನಿಯ ಫಿರಂಗಿಗಳು ಚಿಕ್ಕಬಳ್ಳಾಪುರದ ಪಕ್ಕದ ನಂದಿದುರ್ಗಕ್ಕೆ ಗುರಿಯಿಟ್ಟಿದ್ದವು. ಅವು ಬಂದದ್ದು ಕಾಯ್ದೆ ಮುರಿದಲ್ಲ, ಅದೇ ತೆರೆದಿಟ್ಟ ವಿನಾಯಿತಿಯ ದಾರಿಯಲ್ಲಿ.

ಮೈಸೂರಿನ ಟಿಪ್ಪು ಸುಲ್ತಾನ್ 1789ರ ಡಿಸೆಂಬರ್ 29ರಂದು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದ. ತಿರುವಾಂಕೂರು 1784ರ ಮಂಗಳೂರು ಒಪ್ಪಂದ ಹೆಸರಿಸಿದ ಕಂಪನಿಯ ಮಿತ್ರರಾಜ್ಯ. ಹಾಗಾಗಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಯುದ್ಧ ಆರಂಭಿಸಿದ್ದು ಕಾನೂನುಬದ್ಧವೇ ಎಂಬ ವಾದದಲ್ಲಿ ಹುರುಳಿದೆ. ಆದರೆ ಅದಕ್ಕೂ ಮುಂಚೆ, ಜುಲೈನಲ್ಲೇ ಅವನು ಹೈದರಾಬಾದಿನ ನಿಜಾಮನಿಗೆ ಬರೆದ ಪತ್ರದಲ್ಲಿ ಕಂಪನಿಯ ಪಡೆಯನ್ನು ಯಾರ ವಿರುದ್ಧ ಬಳಸಬಾರದೆಂಬ ಪಟ್ಟಿಯಿತ್ತು, ಮೈಸೂರಿನ ಹೆಸರು ಅದರಲ್ಲಿರಲಿಲ್ಲ. ಯುದ್ಧಕ್ಕಾಗಿ ಹೊಸ ಮೈತ್ರಿ ಒಪ್ಪಂದ ಮಾಡಿಕೊಳ್ಳುವುದನ್ನೂ ಕಾಯ್ದೆ ತಡೆದಿತ್ತು; ಅದರ ಬದಲಿಗೆ ಪತ್ರವೇ ಸಾಕಾಯಿತು! ನಿಜವಾದ ಲೋಪ ಮಾತ್ರ ಬೇರೆಡೆ ಇದೆ. ಯುದ್ಧ ಯಾವಾಗ ಆರಂಭಿಸಬಹುದೆಂದು ಹೇಳಿದ ಕಾಯ್ದೆ, ಎಲ್ಲಿ ನಿಲ್ಲಿಸಬೇಕೆಂದು ಹೇಳಲಿಲ್ಲ. ಕೇರಳದ ಮಿತ್ರನ ರಕ್ಷಣೆಗೆಂದು ಹೊರಟ ಯುದ್ಧ 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ನುಂಗಿತು. ಅಕ್ಟೋಬರ್ 19ರ ಬೆಳದಿಂಗಳಲ್ಲಿ, ಕಡಿದಾದ ಇಳಿಜಾರಿಗೆ ತೋಪು ಎಳೆದು ಗೋಡೆ ಒಡೆದಿದ್ದ ಸೈನ್ಯ ನಂದಿಗೆ ಲಗ್ಗೆಯಿಟ್ಟಿತು. ಚಿಕ್ಕಬಳ್ಳಾಪುರವನ್ನು ಕಾರ್ನ್‌ವಾಲಿಸ್ ಪಾಳೆಯಗಾರ ನಾರಾಯಣಗೌಡನಿಗೆ ಮರಳಿಸಿದ; ಟಿಪ್ಪು ಮತ್ತೆ ಕಿತ್ತುಕೊಂಡ. ತಿರುವಾಂಕೂರಿನ ರಕ್ಷಣೆಗೂ ಇಲ್ಲಿನ ಪಾಳೆಯಪಟ್ಟಿಗೂ ಏನು ಸಂಬಂಧ? 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನ ಅರ್ಧ ಸೀಮೆಯೇ ಹೋಯಿತು.

ಲಂಡನ್ನಿಗೆ ಪತ್ರ ಹೋಗಿ ಬರಲು ತಿಂಗಳುಗಟ್ಟಲೆ ಬೇಕಿತ್ತು, ಸೇನಾಪತಿಯ ಕೈ ಕಟ್ಟಿಹಾಕಲಾಗದು ಎನ್ನಬಹುದು. ತುರ್ತಿನ ಆರಂಭಕ್ಕೆ ಈ ಸಮಾಧಾನ ಸರಿ. ಎರಡು ವರ್ಷ ಎಳೆದ ಯುದ್ಧಕ್ಕೆ ಸಾಲದು. 1791ರಲ್ಲಿ ಪಾರ್ಲಿಮೆಂಟಿನ ವಿರೋಧಪಕ್ಷ ಪ್ರಶ್ನಿಸಿದಾಗ ಬಹುಮತ ಕಾರ್ನ್‌ವಾಲಿಸನನ್ನೇ ಸಮರ್ಥಿಸಿತು. 1793ರ ಚಾರ್ಟರ್ ಕಾಯ್ದೆ ಅದೇ ನಿರ್ಬಂಧವನ್ನು ಅದೇ ವಿನಾಯಿತಿಯೊಡನೆ ಉಳಿಸಿಕೊಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆರಂಭವಾದ ಯುದ್ಧಕ್ಕೆ ಗಡುವು ಹಾಕುವ ಯತ್ನವನ್ನು ಅಮೆರಿಕದ ಕಾಂಗ್ರೆಸ್ 1973ರಲ್ಲಿ ಮಾಡಿತು: ಒಪ್ಪಿಗೆ ಸಿಗದಿದ್ದರೆ 60 ದಿನ. ಭಾರತದ ಸಂವಿಧಾನದ 53(2)ನೇ ವಿಧಿ ರಾಷ್ಟ್ರಪತಿಯ ಸರ್ವೋಚ್ಚ ದಂಡನಾಯಕತ್ವವನ್ನು ಕಾನೂನಿಗೆ ಒಳಪಡಿಸುತ್ತದೆ, 74ನೇ ವಿಧಿ ಮಂತ್ರಿಮಂಡಲದ ಸಲಹೆಗೆ ಕಟ್ಟುತ್ತದೆ. ಸೇನಾ ಕಾರ್ಯಾಚರಣೆಗೆ ಸಂಸತ್ತಿನ ಪೂರ್ವಾನುಮತಿಯನ್ನಾಗಲಿ ದಿನಗಳ ಗಡುವನ್ನಾಗಲಿ ಸಂವಿಧಾನ ವಿಧಿಸಿಲ್ಲ.