ಮನಿಯಾರ್ಡರ್ ಬರುತ್ತಿದ್ದ ಕೇರಿಗಳು

ಶಾಲೆಯ ದಾಖಲಾತಿ ಪುಸ್ತಕದಲ್ಲಿ 'ತಂದೆಯ ಉದ್ಯೋಗ' ಎಂಬ ಒಂದು ಅಂಕಣವಿದೆ. ಮಗುವನ್ನು ಸೇರಿಸಲು ಬಂದ ತಾಯಿಯೋ ಸೋದರಮಾವನೋ ಹೇಳಿದ್ದನ್ನು ಒಂದೇ ಶಬ್ದದಲ್ಲಿ ಬರೆದುಕೊಳ್ಳುವುದು ವಾಡಿಕೆ: ಬೇಸಾಯ, ಮೀನುಗಾರಿಕೆ, ಹೋಟೆಲು, ಕೂಲಿ. ಕುಂದಾಪುರದ ಚರಿತ್ರೆ ಎಂದರೆ ಪೋರ್ಚುಗೀಸರು, ಬಸರೂರಿನ ವ್ಯಾಪಾರ ಎಂದು ನಾವು ಪಾಠ ಮಾಡುತ್ತೇವೆ. ಅದನ್ನು ಬಲ್ಲವರು ಬರೆದಿದ್ದಾರೆ. ಖಾರ್ವಿಕೇರಿ, ಕೋಡಿ, ವಡೇರಹೋಬಳಿಯಂಥ ಕಡೆ ಒಲೆ ಉರಿಯಲು ದುಡ್ಡು ಎಲ್ಲಿಂದ ಬಂತು, ಅದರ ಜೊತೆಗೆ ಮನೆಯೊಳಗಿನ ಜನ ಹೇಗೆ ಬದಲಾದರು ಎಂಬುದೂ ಚರಿತ್ರೆಯೇ.

ಹಿಂದೆ ಪೇಟೆಯ ಆದಾಯಕ್ಕೆ ಆಧಾರ ಹೊಳೆ, ಕಡಲು ಮತ್ತು ಗದ್ದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿ, ಇಲ್ಲಿಯ ಹೊಳೆದಡಕ್ಕೂ ಬಂತು. ಆದರೆ ಇಷ್ಟರಿಂದ ಎಲ್ಲರ ಹೊಟ್ಟೆ ತುಂಬುತ್ತಿರಲಿಲ್ಲ. ಆದ್ದರಿಂದಲೇ ಗಂಡುಮಕ್ಕಳು ಘಟ್ಟ ಹತ್ತಿದರು, ಬೊಂಬಾಯಿಗೆ ಹೋದರು. ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಸಹೋದರರೂ ಬೆಂಗಳೂರಿನಲ್ಲಿ 1924ರಲ್ಲಿ ಕಟ್ಟಿದ ಹೋಟೆಲು ಮುಂದೆ ಎಂ.ಟಿ.ಆರ್. ಆಯಿತು. ಅಂಥವರ ಹೆಸರು ಉಳಿದಿದೆ. ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ಹಗಲು ಕಳೆದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಸಾವಿರಾರು ಹುಡುಗರ ಹೆಸರು ಉಳಿದಿಲ್ಲ. ಅವರು ಕಳುಹಿಸಿದ ಮನಿಯಾರ್ಡರಿನಿಂದ ಇಲ್ಲಿ ಅಂಗಡಿಯ ಸಾಲ ತೀರಿತು, ತಂಗಿಯ ಮದುವೆಯಾಯಿತು, ಮುಳಿಹುಲ್ಲಿನ ಮಾಡಿಗೆ ಹಂಚು ಬಂತು.

ಗಂಡಸರು ಹೊರಗೆ, ಹೆಂಗಸರು ಊರಲ್ಲಿ ಎಂಬುದು ಜನಗಣತಿಯಲ್ಲೂ ಕಾಣುತ್ತದೆ. 2001ರಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1130 ಹೆಂಗಸರಿದ್ದರು. ಇದನ್ನು ಅಳಿಯಸಂತಾನದ ನಾಡಿನ ಹೆಣ್ಣಿನ ಹಿರಿಮೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಹಿರಿಮೆ ಇರಬಹುದು, ಆದರೆ ದುಡಿಯಲು ಹೋದ ಗಂಡಸರ ಲೆಕ್ಕ ಬೇರೆ ಊರಿನಲ್ಲಿ ಬಿದ್ದದ್ದೇ ಇದಕ್ಕೆ ದೊಡ್ಡ ಕಾರಣವೆಂದು ನನಗನಿಸುತ್ತದೆ.

ನಮ್ಮ ಶಾಲೆ ಶುರುವಾದ ಆಸುಪಾಸಿನಲ್ಲೇ ದೇವರಾಜ ಅರಸರ ಸರಕಾರದ ಭೂಸುಧಾರಣೆಯೂ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿ, ಒಕ್ಕಲಿನವರು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನಮ್ಮವರ ಬಾಯಲ್ಲಿ ಅದು ಇಂದಿಗೂ 'ಡಿಕ್ಲರೇಶನ್'. ಮುಡಿಗಟ್ಟಲೆ ಗೇಣಿ ಅಕ್ಕಿ ಅಳೆಯುವುದು ನಿಂತ ಮೇಲೆ, ಗೆದ್ದೆಯ ಕೆಲಸಕ್ಕೆ ನಿಲ್ಲಿಸಿಕೊಳ್ಳುತ್ತಿದ್ದ ಮಕ್ಕಳನ್ನು ಎಂಟನೆಯ ತರಗತಿಗೆ ಕಳುಹಿಸುವ ಧೈರ್ಯ ಒಕ್ಕಲು ಮನೆಗಳಿಗೆ ಬಂತು. ಅತ್ತ ಗೇಣಿಯನ್ನೇ ನಂಬಿ ಪೇಟೆಯಲ್ಲಿ ಕೂತಿದ್ದ ಮನೆಗಳ ಉಗ್ರಾಣ ಬರಿದಾಯಿತು. ಅವರ ಮಕ್ಕಳಿಗೆ 1963ರಲ್ಲೇ ಆರಂಭವಾಗಿದ್ದ ಭಂಡಾರ್ಕಾರ್ಸ್ ಕಾಲೇಜು, ಅಲ್ಲಿಂದ ಬ್ಯಾಂಕಿನ ಕೆಲಸ ದಾರಿಯಾಯಿತು. ಸಿಂಡಿಕೇಟ್, ಕೆನರಾ ಬ್ಯಾಂಕುಗಳು 1969ರಲ್ಲೇ ರಾಷ್ಟ್ರೀಕರಣಗೊಂಡು ದೇಶವಿಡೀ ಶಾಖೆ ತೆರೆಯುತ್ತಿದ್ದವು. ಗೆದ್ದವರ ಮಕ್ಕಳೂ ಕಳೆದುಕೊಂಡವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತ ವರ್ಷಗಳವು. ಅದರ ಕಹಿ ಮಕ್ಕಳಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಕಡಲಿನಲ್ಲೂ ಪಾಲು ಬದಲಾಯಿತು. ರಂಪಣಿ ಬಲೆ ಎಳೆಯಲು ಹತ್ತಾರು ಜನ ಬೇಕು, ಸಿಕ್ಕಿದ ಮೀನೂ ಹತ್ತಾರು ಮನೆಗೆ ಹಂಚಿಹೋಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಆದಾಯ ಹೆಚ್ಚಿದ್ದು ನಿಜ, ಆದರೆ ಅದು ಬೋಟು ಕೊಳ್ಳಲು ಬಲವಿದ್ದವರ ಕಡೆ ಸರಿಯಿತು. ಉಳಿದವರು ಬೋಟಿನ ಕಲಾಸಿಗಳಾದರು, ಇಲ್ಲವೇ ಗಲ್ಫಿಗೆ ಹೋದರು.

ಇಷ್ಟೆಲ್ಲ ನಡೆಯುವಾಗ ಮನೆ ನಡೆಸಿದ್ದು ಹೆಂಗಸರು. ಮೀನಿನ ಬುಟ್ಟಿ ಹೊತ್ತರು, ಬೀಡಿ ಕಟ್ಟಿದರು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದರು. ಪಿಗ್ಮಿಗೆ ದಿನದಿನವೂ ಚಿಲ್ಲರೆ ಕಟ್ಟಿದವರೂ ಬಹುಪಾಲು ಅವರೇ. ಫೀಸು, ಪುಸ್ತಕ, ಯೂನಿಫಾರಂ ಆ ದುಡ್ಡಿನಲ್ಲಿ ಬಂದವು. ದಾಖಲಾತಿ ಪುಸ್ತಕದಲ್ಲಿ ತಾಯಿಯ ಉದ್ಯೋಗಕ್ಕೆ ಅಂಕಣವೇ ಇರಲಿಲ್ಲ.

2011ರ ಹೊತ್ತಿಗೆ ಸಾವಿರಕ್ಕೆ 1130 ಇದ್ದದ್ದು 1094ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15ರಷ್ಟು ಬೆಳೆದರೆ ನಮ್ಮ ಜಿಲ್ಲೆಯದು ನೂರಕ್ಕೆ 6ರಷ್ಟೂ ಬೆಳೆಯಲಿಲ್ಲ. ಕುಂದಾಪುರ ಪೇಟೆ 28 ಸಾವಿರ ಚಿಲ್ಲರೆಯಿಂದ 30 ಸಾವಿರ ದಾಟಿದ್ದು ಅಷ್ಟೆ. ಮೊದಲು ಗಂಡಸು ಮಾತ್ರ ಹೋಗುತ್ತಿದ್ದ. ಈಗ ಹೆಂಡತಿ ಮಕ್ಕಳ ಸಮೇತ ಸಂಸಾರವೇ ಬೆಂಗಳೂರು ಸೇರುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮುಂಬಯಿ ಒಂದು ರಾತ್ರಿಯ ದೂರ; ಆದರೂ ಮನೆಯ ಬಾಗಿಲು ತೆರೆಯುವುದು ಹಬ್ಬಕ್ಕೆ, ನಾಗದರ್ಶನಕ್ಕೆ. ಉಳಿದ ದಿನ ಅಜ್ಜಿಯೊಬ್ಬರು, ಒಂದು ಫೋನು. ಆದಾಯ ಹೆಚ್ಚಿದ ಮನೆಯ ಮೊಮ್ಮಕ್ಕಳು ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ.

ಹಾಗಾದರೆ ಸರಕಾರಿ ಶಾಲೆಯ ಬೆಂಚು ಯಾರದು? ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಇಂದು ಕರಾವಳಿಯ ಪೇಟೆಗಳ ಸರಕಾರಿ ಶಾಲೆಗಳಲ್ಲಿ ಕೂತಿದ್ದಾರೆ. ಮನೆಯಲ್ಲಿ ಜವಾರಿ ಕನ್ನಡ, ಅಂಗಳದಲ್ಲಿ ಕುಂದಗನ್ನಡ, ಪಾಠದಲ್ಲಿ ಪುಸ್ತಕದ ಕನ್ನಡ ಎಂದು ಮೂರು ಕನ್ನಡ ಆಡುವ ಮಕ್ಕಳು. ಹೆಚ್ಚಿನವರ ದಾಖಲೆಯಲ್ಲಿ ತಂದೆಯ ಉದ್ಯೋಗ 'ಕೂಲಿ'. ವಾರದ ಬಟವಾಡೆಯಾದ ಮೇಲೆ ಆ ತಂದೆಯರು ಸಂತೆಯ ಸಾಮಾನು ಕೊಂಡು, ಉಳಿದದ್ದನ್ನು ಮೊಬೈಲಿನಲ್ಲಿ ತಮ್ಮೂರಿನ ಮುದುಕ ತಂದೆತಾಯಿಗೆ ಕಳುಹಿಸುತ್ತಾರೆ.